ಅಪ್ಪ ಡಲ್ಲಾಸಿಗೆ ಹೋಗುತ್ತಿದ್ದ ಶನಿವಾರಗಳು

"ಒಂದ್ ನಿಮಿಷ ನಿಂದರ್ರಿ! ಈ ಟ್ಯೂನ್ ನಿಮಗ ಎಲ್ಲಿ ಸಿಕ್ತು?"

ವೇದಿಕೆಯ ಹಿಂದಿನ ಇಕ್ಕಟ್ಟಾದ ಕಾರಿಡಾರ್‌ನಲ್ಲಿ ಆ ಪ್ರಶ್ನೆ ಎಷ್ಟು ಜೋರಾಗಿ ಕೇಳಿಸಿತೆಂದರೆ, ಕೋಲಾಟಕ್ಕೆ ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು.

ಪಿಯಾನೋ ನುಡಿಸಿ ಆಗಷ್ಟೇ ಇಳಿದು ಬಂದಿದ್ದ ಯುವಕ ಗಾಬರಿಯಾಗಿ ನಿಂತ. ನೀಲಿ ಜುಬ್ಬಾ, ಹಣೆಯ ಮೇಲೆ ಬೆವರು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ಕ್ಷಮಿಸಿ... ನೀವು?"

"ನಾ ಯಾರಾದ್ರ ನಿಮಗೇನು? ನಾ ಕೇಳಿದ್ದಕ್ಕ ಉತ್ತರ ಕೊಡ್ರಿ. ಅದು ನಮ್ಮಪ್ಪಂದು! ನಮ್ಮ ಮನಿ ಬಿಟ್ಟು ಅದನ್ನ ಎಲ್ಲೂ ಬಾರಿಸಿಲ್ಲ ಅವ್ರು!"

ಯುವಕನ ಮುಖದಿಂದ ಗಾಬರಿ ಹೋಗಿ ಬೇರೇನೋ ಬಂತು. ಗುರುತು ಸಿಕ್ಕಂತೆ... ಆದರೆ ಗುರುತು ಸಿಕ್ಕಿದ್ದಕ್ಕೇ ಹೆದರಿದಂತೆ!

"ವೈಷ್ಣವಿ?" ಎಂದ ಮೆಲ್ಲಗೆ.

ವೈಷ್ಣವಿ ಅವನನ್ನೇ ನೋಡಿದಳು. ಇವನಿಗೆ ನನ್ನ ಹೆಸರು ಹೇಗೆ ಗೊತ್ತು?

ಅಷ್ಟರಲ್ಲಿ ಮೈಸೂರು ಸಿಲ್ಕ್ ಸೀರೆಯುಟ್ಟ, ಐವತ್ತರ ಆಸುಪಾಸಿನ ಒಬ್ಬ ಮಹಿಳೆ ನಗುತ್ತ ಬಂದರು. ವೈಷ್ಣವಿಯ ಮುಖ ನೋಡಿದ್ದೇ ತಡ, ಅವರ ನಗು ಅಲ್ಲೇ ನಿಂತುಹೋಯಿತು. "ಸುಹಾಸ್, ಬಾ... ಹೊರಡೋಣ" ಎಂದು ಅವನ ತೋಳು ಹಿಡಿದರು.

"ಅವ್ರ ಹೆಸರು ದಾನಪ್ಪ ಅಂತ! ಗೊತ್ತೇನು ನಿಮಗ?" ವೈಷ್ಣವಿ ಹಿಂದಿನಿಂದ ಕೂಗಿದಳು.

ಆ ಮಹಿಳೆಯ ಹೆಜ್ಜೆ ತಡವರಿಸಿತು. ತಿರುಗಿ ನೋಡಲಿಲ್ಲ.

ಆದರೆ ಸುಹಾಸ್ ತಿರುಗಿದ. "ನಮ್ಮ ಮನೆ ಇಲ್ಲೇ, ರಿಚರ್ಡ್‌ಸನ್‌ನಲ್ಲೇ. ಶನಿವಾರ ಬನ್ನಿ. ಆ ಟ್ಯೂನ್ ನಿಮಗೆ ಕಲಿಸ್ತೀನಿ. ಅದು ನಿಮ್ಮದೇ. ಉಳಿದಿದ್ದು... ಹೇಳೋ ಹಕ್ಕು ನನಗಿಲ್ಲ."

*

2003ರ ದೀಪಾವಳಿ ಅದು. ಡಲ್ಲಾಸ್ ಕನ್ನಡಿಗರ ಕಾರ್ಯಕ್ರಮಕ್ಕೆ ಗೆಳತಿ ಪ್ರಗತಿಯ ಒತ್ತಾಯದಿಂದ ಬಂದಿದ್ದಳು ವೈಷ್ಣವಿ. ಹ್ಯೂಸ್ಟನ್‌ಗೆ ಮರಳುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಗುಂಗು.

ಅಪ್ಪ ತೀರಿಕೊಂಡದ್ದು ಆ ವರ್ಷದ ಫೆಬ್ರವರಿಯಲ್ಲಿ. ಬೆಳಿಗ್ಗೆ ಗ್ರಾನೈಟ್ ಅಂಗಡಿಯ ಬಾಗಿಲು ತೆಗೆದವರು ಹೃದಯಾಘಾತವಾಗಿ ಅಲ್ಲೇ ಕುಸಿದಿದ್ದರು.

ದಾನಪ್ಪ ಇಳಕಲ್ಲಿನವರು. ಹುಡುಗನಾಗಿದ್ದಾಗ ಭಜನೆ ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸಿದ ಕೈ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮನೆ ಕೊಂಡ ವರ್ಷ ಯಾರೋ ಮನೆ ಖಾಲಿ ಮಾಡುವವರಿಂದ ಒಂದು ಹಳೆಯ ಪಿಯಾನೋ ತಂದು, ತಾವೇ ತಡವರಿಸುತ್ತ ಕಲಿತು, ಒಂದು ಟ್ಯೂನ್ ಕಟ್ಟಿದ್ದರು. ಊಟವಾದ ಮೇಲೆ ಅದನ್ನೇ ನುಡಿಸುವರು. ವೈಷ್ಣವಿ ಅದನ್ನು ಕೇಳುತ್ತಲೇ ಹೋಮ್‌ವರ್ಕ್ ಮಾಡಿದ್ದಳು, ಕೇಳುತ್ತಲೇ ದೊಡ್ಡವಳಾಗಿದ್ದಳು.

ಇವತ್ತು ಆ ಹುಡುಗ ಮೊದಲ ಭಾಗ ಅಪ್ಪ ನುಡಿಸಿದ ಹಾಗೆಯೇ ನುಡಿಸಿದ. ಆಮೇಲೆ, ಅಪ್ಪ ಯಾವಾಗಲೂ ನಿಲ್ಲಿಸುತ್ತಿದ್ದ ಜಾಗದಲ್ಲಿ ಅವನು ನಿಲ್ಲಿಸಲೇ ಇಲ್ಲ! ಅವಳು ಎಂದೂ ಕೇಳಿರದ ಇನ್ನೊಂದು ಭಾಗ ಶುರುವಾಗಿತ್ತು. ಮೆತ್ತಗೆ, ಯಾರನ್ನೋ ಕರೆದಂತೆ...

ಯಾರನ್ನು?

ಮನೆಗೆ ಬಂದವಳೇ ಅವ್ವನ ಮುಂದೆ ಕುಳಿತು ಎಲ್ಲ ಹೇಳಿದಳು. ಸುಮಿತ್ರವ್ವ ಟಿವಿ ಆರಿಸಿ ಅವಳ ಕಡೆ ತಿರುಗಿದರು.

"ಸೀರಿ ಉಟ್ಟಾಕಿ ಅಂದೆಲ್ಲ... ವಿಜಯಾ ಅಂತೇನು ಆಕಿ ಹೆಸರು?"

"ಗೊತ್ತಿಲ್ಲ. ಯಾಕವ್ವಾ?"

"ನಿಮ್ಮಪ್ಪ ಹೋದ ಮುಂದಿನ ವಾರ ಒಂದು ಫೋನ್ ಬಂದಿತ್ತು. 'ನಾ ವಿಜಯಾ, ರಿಚರ್ಡ್‌ಸನ್ನಿಂದ' ಅಂದ್ಲು. ಮುಂದ ಮಾತ ಬರ್ಲಿಲ್ಲ ಆಕಿಗೆ, ಅಳಾಕ ಹತ್ತಿದ್ಲು. ನನ್ನ ಗಂಡಗ ಆಕಿ ಯಾಕ ಅಳಬೇಕು? ಫೋನ್ ಇಟ್ಟಬಿಟ್ಟೆ."

"ನನಗ್ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಮಗಳ ಮುಂದ?" ಅವ್ವ ರಿಮೋಟ್ ಪಕ್ಕಕ್ಕಿಟ್ಟರು. "ಎರಡು ವರ್ಷ ಶನಿವಾರ ಬಂತಂದ್ರ ಡಲ್ಲಾಸ್ ಬ್ರ್ಯಾಂಚು ಅಂತ ಹೊಂಡತಿದ್ರು. ಅವಾಗಿಂದ ಈ ಪಿಯಾನೋ ಮುಟ್ಟಲಿಲ್ಲ. ನನ್ನ ರೊಟ್ಟಿನೂ ಬ್ಯಾಡಾದ್ವು ಅವ್ರಿಗೆ. 'ಅನ್ನ ಸಾಕು, ಚಮಚ ಕೊಡು' ಅಂತಿದ್ರು. ಮೂವತ್ತು ವರ್ಷ ನನ್ನ ಕೈಯಾಗಿನ ರೊಟ್ಟಿ ಉಂಡ ಮನಷ್ಯಾ..."

ಮೂಲೆಯಲ್ಲಿ ಹಳೆಯ ಇಳಕಲ್ ಸೀರೆ ಹೊದ್ದು ಪಿಯಾನೋ ಕುಳಿತಿತ್ತು. ಅಪ್ಪ ಹೋದ ದಿನ ಅವ್ವ ಹೊದಿಸಿದ್ದು. ಅದು ದುಃಖ ಎಂದೇ ತಿಳಿದಿದ್ದಳು ವೈಷ್ಣವಿ. ಅದರಲ್ಲಿ ಸಿಟ್ಟೂ ಇತ್ತೆಂದು ಇವತ್ತು ಗೊತ್ತಾಯಿತು.

'ಶನಿವಾರ ಹೋಗತೀನಿ. ಆ ಮನಿಯೊಳಗ ಏನೈತಿ ನೋಡೇ ಬರ್ತೀನಿ!'

*

ದ ವುಡ್‌ಲ್ಯಾಂಡ್ಸ್‌ನ ತೈಲ ಕಂಪನಿಯಲ್ಲಿ ಕೆಲಸ ಅವಳದು, ಡಲ್ಲಾಸಿಗೆ ಹೋಗುವ ದಾರಿಯಲ್ಲೇ. ಶುಕ್ರವಾರ ಅಲ್ಲೇ ಸಹೋದ್ಯೋಗಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಪ್ರಗತಿ ಕೊಟ್ಟ ವಿಳಾಸ ಹಿಡಿದು ನೇರವಾಗಿ ರಿಚರ್ಡ್‌ಸನ್‌ಗೆ ಡ್ರೈವ್ ಮಾಡಿದಳು.

ಅದು ವಿಜಯಾ ಅವರ ಮನೆಯೇ. ಅಕ್ಕಪಕ್ಕದ ಮಕ್ಕಳಿಗೆ ಪಿಯಾನೋ ಪಾಠ ಹೇಳುತ್ತಾರೆ, ಗಂಡನಿಂದ ದೂರವಾಗಿ ಬಹಳ ವರ್ಷವಾಗಿದೆ. ಸುಹಾಸ್ ಅವರ ಅಕ್ಕನ ಮಗ. ಮೈಸೂರಿನಿಂದ ಬಂದು ಇಲ್ಲಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಇಷ್ಟನ್ನು ಮೊದಲ ದಿನವೇ ತಿಳಿದುಕೊಂಡಳು. ಒಂಟಿ ಹೆಂಗಸು... ಅಪ್ಪನ ಶನಿವಾರಗಳು... ಅವಳ ಅನುಮಾನ ಇನ್ನಷ್ಟು ಬಲವಾಯಿತು.

"ನಮ್ಮಪ್ಪ ಇಲ್ಲಿಗೆ ಬರ್ತಿದ್ರೇನು?"

"ಬರ್ತಿದ್ರು" ಎಂದ ಸುಹಾಸ್.

"ಯಾಕ?"

"ಪಿಯಾನೋಗೋಸ್ಕರ."

"ಮನಿಯಾಗ ಪಿಯಾನೋ ಇತ್ತಲ್ಲ!"

ಅವನು ಪಿಯಾನೋ ಮುಚ್ಚಳ ತೆರೆದ. "ಎಡಗೈ ಇಲ್ಲಿಡಿ. ಬೆರಳು ಚಪ್ಪಟೆ ಮಾಡ್ಬೇಡಿ... ನಿಂಬೆಹಣ್ಣು ಹಿಡಿದ ಹಾಗೆ, ಹಾಂ."

ಮೊದಲು ಎಡಗೈಯ ಭಾಗವನ್ನೇ ಕಲಿಸಿದ. ಅವಳು ಕೂತಲ್ಲಿಂದಲೇ ಮನೆಯ ಮೂಲೆಮೂಲೆ ನೋಡುತ್ತಿದ್ದಳು. ಗೋಡೆಯ ಫೋಟೋಗಳಲ್ಲಿ ಅಪ್ಪ ಇಲ್ಲ. ಬಾಗಿಲ ಬಳಿ ಅಪ್ಪನ ಚಪ್ಪಲಿ ಇಲ್ಲ. ವಿಜಯಾ ಆಂಟಿ ಕಾಫಿ ತಂದಿಟ್ಟು, ಅವಳ ಕಣ್ಣು ತಪ್ಪಿಸಿ ಒಳಗೆ ಹೋಗಿಬಿಡುತ್ತಿದ್ದರು. ತಪ್ಪು ಮಾಡಿದವರೇ ತಾನೆ ಕಣ್ಣು ತಪ್ಪಿಸುವುದು?

ಆದರೂ ಮುಂದಿನ ಶನಿವಾರ ಹೋದಳು. ಅದರ ಮುಂದಿನ ಶನಿವಾರವೂ.

ಗೂಢಚಾರಳಂತೆ ಬಂದವಳು ಕ್ರಮೇಣ ಬೇರೆ ಏನನ್ನೋ ಗಮನಿಸತೊಡಗಿದ್ದಳು. ಅವಳು ತಪ್ಪು ನುಡಿಸಿದರೆ ಸುಹಾಸ್ ಬಯ್ಯುವುದಿಲ್ಲ, ತಾನೂ ಅದೇ ತಪ್ಪು ನುಡಿಸಿ ನಗಿಸುತ್ತಾನೆ. ಅವಳ ಕಾರು ಬರುವ ಹೊತ್ತಿಗೆ ಚಳಿಯಲ್ಲೂ ಹೊರಗೆ ನಿಂತಿರುತ್ತಾನೆ. ಕೇಳಿದರೆ "ಮೇಲ್‌ಬಾಕ್ಸ್ ನೋಡ್ತಿದ್ದೆ" ಎನ್ನುತ್ತಾನೆ.

"ಅಷ್ಟೊತ್ತು ಏನ್ ನೋಡ್ತೀರಿ ಮೇಲ್‌ಬಾಕ್ಸ್‌ನಾಗ?"

"ಜಂಕ್ ಮೇಲ್ ತುಂಬಾ ಬರುತ್ತೆ ಕಣ್ರೀ."

ಅವಳಿಗೆ ನಗು ಬಂತು. ಮರುಕ್ಷಣವೇ ತನ್ನ ಮೇಲೆ ಕೋಪ ಬಂತು. 'ಎಚ್ಚರಿಕಿ ವೈಷ್ಣವಿ... ಇವನೂ ಆಕಿ ಕಡೆಯವನ!'

ಡಿಸೆಂಬರ್‌ನ ಒಂದು ಮಧ್ಯಾಹ್ನ ಟ್ಯೂನ್‌ನ ಆ ಪರಿಚಿತ ಭಾಗ ಮೊದಲ ಬಾರಿಗೆ ತಪ್ಪಿಲ್ಲದೆ ಅವಳ ಕೈಯಿಂದ ಬಂದಾಗ, ಇದ್ದಕ್ಕಿದ್ದಂತೆ ಅತ್ತುಬಿಟ್ಟಳು.

"ಏನಾಯ್ತು? ವೈಷ್ಣವಿ..."

"ಅಪ್ಪ ಮನಿಯಾಗ ಬಾರಿಸೋದು ಬಿಟ್ಟಿದ್ದು ನನ್ನಿಂದ." ಯಾರಿಗೂ ಹೇಳದ ಮಾತು ಇವನ ಮುಂದೆ ಹೇಗೆ ಬಂತೋ! "ಅವ್ರು ನೋಡಿದ ಹುಡುಗನ್ನ ನಾ ಒಲ್ಲೆ ಅಂದೆ. ಜಗಳಾತು. 'ನಿಮಗ ಮಗಳು ಬೇಕಾಗಿಲ್ಲ, ನಿಮ್ಮ ಪಿಯಾನೋ ಕೇಳ್ಕೋತ ಕುಂದ್ರೋ ಗೊಂಬಿ ಬೇಕಾಗೈತಿ' ಅಂದುಬಿಟ್ಟೆ. ಆ ವಾರದಿಂದನ... ಅವ್ರು ಪಿಯಾನೋ ಮುಂದ ಕುಂದ್ರಲೇ ಇಲ್ಲ. ಸಿಟ್ಟಿನಾಗ ಹೋಗಿಬಿಟ್ರು. ಅದಕ್ಕ ಇದನ್ನ ಕಲೀಬೇಕು. ವರ್ಷದ ಪುಣ್ಯಸ್ಮರಣೆಗೆ ಅವ್ರ ಫೋಟೋ ಮುಂದ ಬಾರಿಸಿ, ತಪ್ಪಾತು ಅನ್ನಬೇಕು."

ಸುಹಾಸ್‌ನ ಮುಖ ಬಿಳಿಚಿಕೊಂಡಿತ್ತು. ಏನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಕಡೆ ನೋಡಿದ. ಬಾಯಿ ಮುಚ್ಚಿಕೊಂಡ.

ಅವನು ಕೊಟ್ಟದ್ದು ಒಂದು ಲೋಟ ನೀರು ಮಾತ್ರ. ಅದನ್ನು ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿ, ಅಲ್ಲೇ ಕ್ಷಣಹೊತ್ತು ನಿಂತಿತು. ಅವಳೂ ಕೈ ಹಿಂದೆ ತೆಗೆಯಲಿಲ್ಲ.

*

ಹೊಸ ವರ್ಷದ ನಂತರ ಹೋದಾಗ ಮನೆಯಲ್ಲಿ ಉಪ್ಪಿಟ್ಟಿನ ಘಮ. "ಸಕ್ಕರೆ ಬೇಕಾದ್ರೆ ಕಬೋರ್ಡ್‌ನಲ್ಲಿದೆ, ತಗೋಮ್ಮ" ಎಂದರು ವಿಜಯಾ ಆಂಟಿ.

ಕಬೋರ್ಡ್ ತೆರೆದ ವೈಷ್ಣವಿ ಕಲ್ಲಿನಂತೆ ನಿಂತಳು.

ಸಕ್ಕರೆಯ ಡಬ್ಬಿಯ ಹಿಂದೆ ಕಾಫಿಪುಡಿಯ ಹಳೆಯ ಗಾಜಿನ ಬಾಟಲಿ. ಅದರ ಮೇಲೆ ಅಂಟಿಸಿದ ಚೀಟಿ: 'ಗುರೆಳ್ಳು ಹಿಂಡಿ'. ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ. ಅವ್ವನ ಅಕ್ಷರ! ಡಲ್ಲಾಸ್ ಬ್ರ್ಯಾಂಚಿನ ಹುಡುಗರಿಗೆ ಎಂದು ಅಪ್ಪ ಒಯ್ಯುತ್ತಿದ್ದ ಬಾಟಲಿ!

"ಇದು ನಮ್ಮವ್ವ ಕುಟ್ಟಿದ್ದು." ಅವಳು ಬಾಟಲಿ ಎತ್ತಿ ಹಿಡಿದಳು. "ನಮ್ಮವ್ವನ ಕೈ ರುಚಿ ನಿಮ್ಮ ಮನಿಯಾಗ ಕುಂತು ಉಂಡ್ರು ನಮ್ಮಪ್ಪ! ಹೇಳ್ರಿ ಆಂಟಿ, ಏನಾಗಬೇಕು ನಿಮಗ ಅವ್ರು? ಆ ಟ್ಯೂನ್‌ನ ಎರಡನೇ ಭಾಗ ನಿಮಗಂತನ ಕಟ್ಟಿದ್ರೇನು?"

"ವೈಷ್ಣವಿ!" ಸುಹಾಸ್ ಕೂಗಿದ.

ವಿಜಯಾ ಆಂಟಿ ಕುರ್ಚಿ ಹಿಡಿದು ಕುಳಿತರು. ಅವರ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಈ ಸಲ ಅವರು ಕಣ್ಣು ತಪ್ಪಿಸಲಿಲ್ಲ. "ಅಷ್ಟು ದೂರ ಯೋಚನೆ ಮಾಡಿದ್ಯಾ ಮಗು... ನಿಮ್ಮ ತಾಯೀನೂ ಹಾಗೇ ಅಂದ್ಕೊಂಡಿದಾರಾ? ಅಯ್ಯೋ ದೇವರೇ. ಸುಹಾಸ್, ಹೇಳಿಬಿಡು. ಮಾತು ಕೊಟ್ಟಿದ್ದು ಸಾಕು."

ಸುಹಾಸ್ ನೆಲ ನೋಡುತ್ತ ಹೇಳಿದ.

"ಅಂಕಲ್‌ಗೆ ಪಾರ್ಕಿನ್ಸನ್ ಶುರುವಾಗಿತ್ತು. ಇಲ್ಲಿನ ಡಾಕ್ಟರ್ ಹತ್ರ ತೋರಿಸ್ಕೊಳ್ಳೋಕೆ ಬರ್ತಿದ್ರು. ಅಲ್ಲೇ ಚಿಕ್ಕಮ್ಮನ ಪರಿಚಯ ಆಗಿ, ಪಿಯಾನೋ ಪಾಠ ಹೇಳ್ತಾರೆ ಅಂತ ತಿಳಿದು ಈ ಮನೆಗೆ ಬಂದ್ರು. ಬಲಗೈ ಬೆರಳು ಮಾತು ಕೇಳ್ತಿರಲಿಲ್ಲ, ವೈಷ್ಣವಿ. ಅದಕ್ಕೇ ಪಿಯಾನೋ ಬಿಟ್ಟಿದ್ದು. ನಿಮ್ಮ ಮೇಲಿನ ಸಿಟ್ಟಿಗಲ್ಲ."

ವೈಷ್ಣವಿಗೆ ಒಂದೊಂದೇ ನೆನಪಾಯಿತು.

ಜೇಬಿನಿಂದ ಹೊರಗೆ ಬಾರದ ಅಪ್ಪನ ಬಲಗೈ... ಗುಂಡಿ ಹಾಕಿಕೊಳ್ಳುವ ಶರ್ಟು ಬಿಟ್ಟು ಟೀ ಶರ್ಟಿಗೆ ಬಂದದ್ದು... 'ಅನ್ನ ಸಾಕು, ಚಮಚ ಕೊಡು'... ರೊಟ್ಟಿ ಬೇಡವಾಗಿರಲಿಲ್ಲ. ಮುರಿಯಲು ಆಗುತ್ತಿರಲಿಲ್ಲ!

"ಮನಿಯಾಗ ಯಾಕ ಹೇಳಲಿಲ್ಲ?"

"ನಿಮ್ಮ ಅಮ್ಮನ ತಂದೆಗೂ ಇದೇ ಕಾಯಿಲೆ ಇತ್ತಂತೆ. ನಿಮ್ಮ ಅಮ್ಮ ಮದುವೆಗೆ ಮುಂಚೆ ವರ್ಷಗಟ್ಟಲೆ ಅವರ ಹಾಸಿಗೆ ಪಕ್ಕದಲ್ಲೇ ಕಳೆದ್ರಂತೆ. 'ಆಕಿಗೆ ಎರಡನೇ ಸಲ ಅದನ್ನ ತೋರಿಸಾಕ ಧೈರ್ಯ ಇಲ್ಲ ತಮ್ಮಾ' ಅಂತಿದ್ರು. ನಿಮ್ಮ ಫೋಟೋ ತೋರಿಸಿ ನಿಮ್ಮ ಮಾತೇ ಆಡೋರು. ಇಲ್ಲಿ ಕೂತು ಅವರು ಎಡಗೈ ನುಡಿಸೋರು, ನಾನು ಬಲಗೈ. ಹಾಡಿ ತೋರಿಸೋರು, ನಾನು ಹುಡುಕಿ ಹುಡುಕಿ ನುಡಿಸ್ತಿದ್ದೆ. ಹಾಗೇ ಎರಡನೇ ಭಾಗ ಆಯ್ತು. 'ಇದು ಮುಗೀಲಿ, ಮನಿಯವರನ್ನ ಕುಂದ್ರಿಸಿ ಎಲ್ಲ ನಾನ ಹೇಳ್ತೀನಿ, ಅಲ್ಲಿತನ ಬಾಯಿ ಬಿಡಬ್ಯಾಡ್ರಿ' ಅಂತ ಮಾತು ತಗೊಂಡಿದ್ರು. ಮುಗೀತು. ಅದರ ಮುಂದಿನ ವಾರ ಅವರೇ..."



ವೈಷ್ಣವಿ ಕಣ್ಣೊರೆಸಿಕೊಂಡು ಅವನನ್ನೇ ದಿಟ್ಟಿಸಿದಳು. ಅವಳಿಗೆ ಈಗ ಹೊಳೆದದ್ದು ಬೇರೆಯೇ ಒಂದು ಸಂಗತಿ.

"ಕಳೆದ ತಿಂಗಳು ನಿಮ್ಮ ಮುಂದ ಕುಂತು ಅತ್ತೆ ನಾನು. ಅಪ್ಪ ಸಿಟ್ಟಿನಾಗ ಹೋದ್ರು ಅಂತ. ನಿಮಗ ಖರೇ ಗೊತ್ತಿತ್ತು! ಒಂದ ಮಾತು ಹೇಳಿದ್ರ ನಾ ಇಷ್ಟು ದಿನ ನಿದ್ದಿ ಮಾಡ್ತಿದ್ದೆ. ನೀರು ಕೊಟ್ರಿ... ಬರೇ ನೀರು!"

"ಮಾತು ಕೊಟ್ಟಿದ್ದೆ..."

"ಹೋದವರಿಗೆ ಕೊಟ್ಟ ಮಾತು ದೊಡ್ಡದಾತು. ಮುಂದ ಕುಂತು ಅಳಾಕಿ ಕಾಣಲಿಲ್ಲ!"

"ಅದೊಂದೇ ಅಲ್ಲ." ಅವನು ತಲೆ ಎತ್ತಿದ. "ಎಲ್ಲಾ ಗೊತ್ತಾದ ಮೇಲೆ ನೀವು ಮತ್ತೆ ಇಲ್ಲಿಗೆ ಬರಲ್ಲ ಅಂತ ಹೆದರಿದೆ. ನನ್ನ ಸ್ವಾರ್ಥ ಅದು. ತಪ್ಪು."

ಬೇರೆ ಯಾವ ದಿನವಾದರೂ ಆ ಮಾತು ಅವಳ ಮನಸ್ಸು ಅರಳಿಸುತ್ತಿತ್ತು. ಅಂದು ಅದು ಚುಚ್ಚಿತು.

"ಸರಿಯಾಗೇ ಹೆದರೀರಿ. ಇನ್ನ ಬರೂದಿಲ್ಲ."

ಕಾರಿನ ಬಾಗಿಲು ದಢಾರನೆ ಮುಚ್ಚಿತು.

*

ಸುಮಿತ್ರವ್ವ ಎಲ್ಲ ಕೇಳಿಸಿಕೊಂಡರು. ಸಮಾಧಾನವಾದೀತು ಎಂದು ಕಾದಳು ಮಗಳು. ಆದರೆ ಅವ್ವನಿಗೆ ಬಂದದ್ದು ಸಿಟ್ಟು.

"ನನಗ ನೋಡಾಕ ಆಗೂದಿಲ್ಲ ಅಂದ್ರಾ? ನಮ್ಮಪ್ಪಗ ತುತ್ತು ಮಾಡಿ ಉಣಿಸೀನಿ ನಾ. ಇವ್ರಿಗೆ ರೊಟ್ಟಿ ಮುರದು ಕೊಡಾಕ ನನಗ ಭಾರ ಆಗ್ತಿತ್ತೇನು? ಯಾರನ್ನ ಕೇಳಿ ಮುಚ್ಚಿಟ್ರು!"

ಗೋಡೆಯ ಫೋಟೋದ ಮುಂದೆ ನಿಂತು ಹೀಗೆ ಜಗಳ ತೆಗೆದರು. ಅಪ್ಪ ಹೋದ ಮೇಲೆ ಅವ್ವ ಅವರೊಡನೆ ಮಾತಾಡಿದ್ದು ಅದೇ ಮೊದಲು. ಜಗಳ ಮುಗಿಯುವ ಹೊತ್ತಿಗೆ ಅವರು ಮನಸಾರೆ ಅಳುತ್ತಿದ್ದರು.

ಮರುದಿನ ಬೆಳಿಗ್ಗೆ ಪಿಯಾನೋ ಮೇಲಿನ ಸೀರೆ ಮಡಚಿ ಒಳಗಿಟ್ಟಿದ್ದರು.

"ಆ ವಿಜಯಾನ ನಂಬರ್ ಕೊಡು. ಪುಣ್ಯಸ್ಮರಣೆಗೆ ಇಬ್ಬರನ್ನೂ ಕರೀತೀನಿ."

"ಆ ಸುಹಾಸ್ ಬ್ಯಾಡವ್ವಾ."

"ಯಾಕ? ನಿನಗ ಸುಳ್ಳು ಹೇಳ್ಯಾನೇನು?"

"ಹೇಳಿಲ್ಲ... ಮುಚ್ಚಿಟ್ಟಾನ."

ಅವ್ವ ಮಗಳನ್ನು ಓರೆಗಣ್ಣಿನಿಂದ ನೋಡಿದರು. "ನಿಮ್ಮಪ್ಪನ ಕೈಯಾಗಿ ಕುಂತ ಹುಡುಗ ಅಂವ. ಬರ್ತಾನ."

*

ಫೆಬ್ರವರಿಯ ಆ ಭಾನುವಾರ ಮಿಸೌರಿ ಸಿಟಿಯ ಮನೆ ತುಂಬ ಜನ. ಫೋಟೋಕ್ಕೆ ವಿಭೂತಿ, ಹೂವಿನ ಹಾರ. ಕಾರಿನಿಂದಿಳಿದ ವಿಜಯಾ ಆಂಟಿ ಬಾಗಿಲಲ್ಲೇ ಹಿಂಜರಿದು ನಿಂತರು.

ಸುಮಿತ್ರವ್ವ ತಾವೇ ಎದುರು ಹೋದರು. "ಅವತ್ತ ಫೋನ್ ಇಟ್ಟಬಿಟ್ಟೆ. ಮನಸಿನಾಗ ಇಟ್ಕೋಬ್ಯಾಡ್ರಿ."

"ನಾನೇ ಸರಿಯಾಗಿ ಹೇಳ್ಬೇಕಿತ್ತು ಅಕ್ಕಾ. ಅಳು ಬಂದ್ಬಿಡ್ತು..."

ಅಷ್ಟೇ. ಇಬ್ಬರೂ ಕೈ ಹಿಡಿದುಕೊಂಡೇ ಒಳಗೆ ಬಂದರು.

ಸುಹಾಸ್ ಹಿಂದೆಯೇ ಬಂದ. ತೆಳ್ಳಗಾಗಿದ್ದ. ವೈಷ್ಣವಿ ಅವನನ್ನು ನೋಡಬಾರದೆಂದುಕೊಂಡಳು, ನೋಡಿದಳು.

"ನನಗ ಎರಡೂ ಭಾಗದ್ದು ಎಡಗೈ ಅಷ್ಟ ಬರ್ತದ" ಎಂದಳು ಬಿಗಿಯಾಗಿ. "ನೀವು ಅಷ್ಟ ಕಲಿಸೀರಿ."

"ಅಂಕಲ್ ನುಡಿಸ್ತಿದ್ದ ಭಾಗ ಅದು. ನಿಮಗೆ ಅದೇ ಮೊದಲು ಸೇರಬೇಕು ಅನ್ನಿಸ್ತು. ಬಲಗೈ... ನೀವು ಬೇಡ ಅಂದ್ರೆ ನಾನು ಕೂರಲ್ಲ."

ಅವಳು ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

ಮೊದಲ ಭಾಗ ಶುರುವಾದಾಗ ಮನೆಯ ಮಾತೆಲ್ಲ ನಿಂತಿತು. ಅಪ್ಪನ ಎಡಗೈ ನಡೆದ ದಾರಿಯಲ್ಲಿ ತನ್ನ ಎಡಗೈ ನಡೆಯುತ್ತಿದೆ ಎನಿಸಿ ವೈಷ್ಣವಿಯ ಎದೆ ತುಂಬಿ ಬಂತು. 'ಅಪ್ಪಾ... ನೀವು ಸಿಟ್ಟಾಗಿರಲಿಲ್ಲ. ಆದ್ರೂ ನಾ ಅಂದಿದ್ದು ತಪ್ಪು. ಕ್ಷಮಿಸ್ರಿ.'

ಆಮೇಲೆ ಎರಡನೇ ಭಾಗ ಬಂತು.

ಅಡುಗೆಮನೆಯ ಬಾಗಿಲಲ್ಲಿದ್ದ ಸುಮಿತ್ರವ್ವ ಬೆಚ್ಚಿಬಿದ್ದರು. "ಏ... ನಿಲ್ಲಿಸಬ್ಯಾಡ್ರಿ, ನಿಲ್ಲಿಸಬ್ಯಾಡ್ರಿ!" ಎನ್ನುತ್ತ ಪಿಯಾನೋ ಹತ್ತಿರ ಬಂದೇಬಿಟ್ಟರು. ತುಟಿ ತಾನಾಗಿ ಅಲುಗಿತು. ಪಿಯಾನೋದ ಜೊತೆಜೊತೆಗೆ, ಒಂದು ಸ್ವರವೂ ಹೆಚ್ಚುಕಡಿಮೆಯಾಗದೆ, ಅವರು ಗುನುಗುತ್ತಿದ್ದರು!

"ಅವ್ವಾ, ನಿನಗ ಇದು ಹೆಂಗ ಗೊತ್ತು?"

"ಇದು ನಂದ ಅಲ್ಲೇನ..." ಸುಮಿತ್ರವ್ವ ನಗುತ್ತಿದ್ದರು, ಕಣ್ಣೀರು ಸುರಿಯುತ್ತಿತ್ತು. "ಡ್ರೈಯರ್‌ನಿಂದ ಬಟ್ಟಿ ತಗದು ಮಡಚೋವಾಗ ಗುನುಗತೀನಲ್ಲ, ಹೆಸರಿಲ್ಲ ಪಸರಿಲ್ಲ, ಬಾಯಿಗೆ ಬಂದಿದ್ದು. ಅಂವ ಪೇಪರ್ ಹಿಡಕೊಂಡು ಕುಂತಿರ್ತಿದ್ದ. ಕೇಳೂದಿಲ್ಲ ಅಂದ್ಕೊಂಡಿದ್ದೆ ನಾ! ಇಷ್ಟು ವರ್ಷ ಕೇಳಿಸ್ಕೊಂಡಾನ..."

ಜೀವನದಲ್ಲಿ ಮೊದಲ ಬಾರಿಗೆ ಗಂಡನನ್ನು 'ಅಂವ' ಎಂದಿದ್ದರು. ಅವರಿಗೆ ಅದರ ಅರಿವೂ ಇರಲಿಲ್ಲ.

ಸುಹಾಸ್ ವೈಷ್ಣವಿಯ ಕಡೆ ತಿರುಗಿದ. ಅವನ ಕಣ್ಣೂ ಒದ್ದೆ. "ನನಗೂ ಗೊತ್ತಿರಲಿಲ್ಲ" ಎಂದ. ಅವನು ಹೇಳಿದ್ದನ್ನು ಅವಳು ಅನುಮಾನಿಸದೆ ನಂಬಿದ್ದು ಆಗಲೇ.

*

ಊಟ ಮುಗಿದು ಜನ ಕರಗಿದ ಮೇಲೆ, ಹಿತ್ತಲಿನಲ್ಲಿ ಮಡಚುವ ಕುರ್ಚಿಗಳನ್ನು ಜೋಡಿಸುತ್ತಿದ್ದ ಸುಹಾಸ್ ಹತ್ತಿರ ಅವಳೇ ಹೋದಳು.

"ಓದು ಮುಗೀತಂತ ಹೇಳಿದ್ರು ಆಂಟಿ."

"ಹೂಂ. ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಶಿಫ್ಟ್ ಆಗ್ತೀನಿ."

"ಅದು ಇಲ್ಲಿಗೆ ಹತ್ತಿರ, ಅಲ್ಲೇನು?"

"ಮ್ಯಾಪ್ ನೋಡಿಯೇ ಒಪ್ಕೊಂಡಿದ್ದು."

ಅವಳು ನಗು ಕಚ್ಚಿ ಹಿಡಿದಳು. "ಸುಹಾಸ್, ನನಗ ಮುಚ್ಚಿಡೋರನ್ನ ಕಂಡ್ರ ಭಯ. ಒಳ್ಳೇದಕ್ಕ ಅಂತ ಮುಚ್ಚಿಟ್ಟು ಅಪ್ಪ ಅವ್ವನ್ನ ಎಷ್ಟು ನೋಯಿಸಿದ್ರು ನೋಡಿದ್ರಲ್ಲ. ನನಗ ಕೆಟ್ಟದ್ದಿದ್ರೂ ಹೇಳಬೇಕು. ಅಳಿಸಿದ್ರೂ ಚಿಂತಿಲ್ಲ, ಹೇಳಬೇಕು."

"ಹೇಳ್ತೀನಿ. ಇನ್ಮೇಲೆ ಎಲ್ಲಾ ಹೇಳ್ತೀನಿ."

"ಈಗ ಏನರ ಮುಚ್ಚಿಟ್ಟೀರೇನು?"

"ಒಂದಿದೆ." ಅವನು ಕುರ್ಚಿ ಕೆಳಗಿಟ್ಟ. "ನಿಮ್ಮನ್ನ ತುಂಬಾ ಪ್ರೀತಿಸ್ತೀನಿ ವೈಷ್ಣವಿ."

"ಅದೇನು ಮುಚ್ಚಿಟ್ಟಂಗ ಆತು? ಅವ್ವಗೂ ಗೊತ್ತಾಗೈತಿ! ಆಗಿಂದ ಕಿಟಕಿಯಾಗ ನಿಂತಾಳ, ತಿರುಗಿ ನೋಡಬ್ಯಾಡ್ರಿ."

ಅವನು ನೋಡಿಯೇಬಿಟ್ಟ. ಕಿಟಕಿಯ ಪರದೆ ಸರಕ್ಕನೆ ಮುಚ್ಚಿಕೊಂಡಿತು. ಇಬ್ಬರೂ ನಕ್ಕರು. ನಗು ನಿಂತ ಮೇಲೂ ಕಣ್ಣು ಒಬ್ಬರನ್ನೊಬ್ಬರು ಬಿಡಲಿಲ್ಲ.

"ಮತ್ತೆ... ನೀವು ಏನೂ ಹೇಳಲಿಲ್ಲ" ಎಂದ ಅವನು ಮೆಲ್ಲಗೆ.

"ಈ 'ನೀವು' ಬಿಟ್ಟು ಮಾತಾಡಿದ್ರ ಹೇಳ್ತೀನಿ."

ಸುಹಾಸ್ ಒಂದು ಹೆಜ್ಜೆ ಹತ್ತಿರ ಬಂದ. ಆ ಸಣ್ಣ ಪದವನ್ನು ಮೊದಲ ಬಾರಿಗೆ ಬಾಯಿಗೆ ತಂದ.

"ವೈಷ್ಣವಿ... ನೀನು..."

"ಹೂಂ," ಎಂದಳು ಅವಳು, ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು. "ಹೇಳು. ಕೇಳಾಕತ್ತೀನಿ."